ಕಲ್ಪನಾಸ್ವರ ಕಲಿಸುವುದು ಹೇಗೆ? ಮೊದಲು ಪಲ್ಲವಿಗೆ ಬಂದು ಇಳಿಯುವುದನ್ನು ಕಲಿಸಿ

ಹಾಡಿನ ಒಂದು ಸಾಲು ಹಿಡಿದು, ರಾಗದ ಸ್ವರಗಳನ್ನು ತಾಳದೊಳಗೆ ಆಗಿಂದಾಗಲೇ ಕಟ್ಟಿ ಹಾಡಿ, ಮತ್ತೆ ಅದೇ ಸಾಲಿಗೆ ಬಂದು ಸೇರುವುದೇ ಕಲ್ಪನಾಸ್ವರ. ಮೋಹನ ರಾಗದ ಲಕ್ಷಣ ಕೇಳಿ ನೋಡಿ, ಮಕ್ಕಳು ಗಡಗಡ ಒಪ್ಪಿಸುತ್ತಾರೆ: 28ನೇ ಮೇಳ (ಮೂಲ ರಾಗ) ಹರಿಕಾಂಬೋಜಿಯ ಜನ್ಯ, ಮಧ್ಯಮ ನಿಷಾದ (ಮ, ನಿ) ವರ್ಜ್ಯ. ‘ಸರಿ, ಈಗ ನೀನೇ ನಾಲ್ಕು ಸ್ವರ ಹಾಕು’ ಅಂದರೆ ಬಾಯಿ ಕಟ್ಟಿಹೋಗುತ್ತದೆ. ಜೂನಿಯರ್ ಪರೀಕ್ಷೆ ಪಾಸಾದವರದ್ದೂ ಇದೇ ಪಾಡು.

1. ರಾಗ ಮೋಹನವೇ ಇರಲಿ. ತೋಡಿ, ಕಲ್ಯಾಣಿಗೆ ಈಗಲೇ ಕೈ ಹಾಕಬೇಡಿ.

2. ಶ್ರುತಿ ಹಾಕಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಷಡ್ಜ (ಕೆಳಗಿನ ಸ) ಕೇಳುವುದೇ ಇಲ್ಲ, ಒಂದು ಸ್ಪೀಕರ್ ಜೋಡಿಸಿ. ತಾಳದ ಆ್ಯಪ್ ಮಾತ್ರ ಬೇಡವೇ ಬೇಡ. ತಾಳ ಮಗುವಿನ ಕೈಯಲ್ಲೇ ಇರಬೇಕು.

3. ಎಡವುವುದು ಇಲ್ಲೇ. ಸ್ವರ ಹಾಕುವುದು ಅಷ್ಟು ಕಷ್ಟವಲ್ಲ, ಹಾಕಿ ಪಲ್ಲವಿಗೆ, ಅಂದರೆ ಹಾಡಿನ ಮೊದಲ ಸಾಲಿಗೆ, ಬಂದು ಸೇರುವುದು ಕಷ್ಟ. ಮೋಹನದ ‘ನಿನ್ನುಕೋರಿ’ ವರ್ಣ ಎಲ್ಲರಿಗೂ ಬರುತ್ತದೆ; ಎಂಟು ಅಕ್ಷರದ (ಎಣಿಕೆಯ) ಆದಿತಾಳ, ಸಮದಲ್ಲೇ (ತಾಳದ ಮೊದಲ ಪೆಟ್ಟಿನಲ್ಲೇ) ಗಾಂಧಾರದಿಂದ ಎತ್ತುಗಡೆ. ಅಕ್ಷರಕ್ಕೆ ಎರಡು ಸ್ವರದಂತೆ ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) 16. ಅಷ್ಟನ್ನೂ ಮಗುವಿಗೆ ಕೊಡಬೇಡಿ. ಲಘುವಿನಲ್ಲಿ, ಅಂದರೆ ಮೊದಲ ನಾಲ್ಕು ಅಕ್ಷರದಲ್ಲಿ, ಒಂದು ಪೆಟ್ಟು ಹಾಕಿ ಕಿರುಬೆರಳು, ಉಂಗುರಬೆರಳು, ನಡುಬೆರಳು ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿರಲಿ. ಉಳಿದ ನಾಲ್ಕು ಅಕ್ಷರದ ಎರಡು ದ್ರುತಗಳಲ್ಲಿ ಎಂಟೇ ಸ್ವರ: ಸ ರಿ ಗ ಪ ದ ಪ ಗ ರಿ, ಕೂಡಲೇ ‘ನಿನ್ನುಕೋರಿ’.

ಕೊನೆಯ ಸ್ವರ ಗಾಂಧಾರದ ನೆರೆಯದ್ದೇ ಆಗಿರಲಿ, ರಿಷಭ ಅಥವಾ ಪಂಚಮ. ಷಡ್ಜದಲ್ಲಿ ನಿಲ್ಲಿಸಿದರೆ ತಪ್ಪೇನಲ್ಲ, ಆದರೆ ಮೆಟ್ಟಿಲು ಬಿಟ್ಟು ಹಾರಿದ ಹಾಗೆ ಕೇಳುತ್ತದೆ. ಇನ್ನು ಕೈ ನೋಡಿ. ಸ್ವರ ಹೊಳೆಯದಿದ್ದರೆ ಉಂಗುರಬೆರಳಿನಲ್ಲೇ ಎಣಿಕೆ ನಿಂತುಬಿಡುತ್ತದೆ. ಸಮ ಹತ್ತಿರವಾದಂತೆ ಗಾಬರಿಯಲ್ಲಿ ತಾಳ ಓಡುತ್ತದೆ. ಸ್ವರ ತಪ್ಪಿದರೆ ಬಿಡಿ, ಕೈ ನಿಂತರೆ ಮಾತ್ರ ಮೊದಲಿನಿಂದ. ಸಮ ಬಂತೆಂದು ನೀವು ತಲೆಯಾಡಿಸಿ ತೋರಿಸಲೂಬಾರದು. ನಾನು ವರ್ಷಗಟ್ಟಲೆ ಆಡಿಸಿ, ನನ್ನ ತಲೆ ನೋಡಿ ಹಾಡುವ ಶಿಷ್ಯರನ್ನು ತಯಾರು ಮಾಡಿದ್ದೆ.

ಸಿದ್ಧ ಸ್ವರಗಳನ್ನು ಬರೆಸಿ ಉರು ಹೊಡೆಸುವ ಅಡ್ಡದಾರಿಯೂ ಇದೆ. ಕಾರ್ಯಕ್ರಮದ ಹಿಂದಿನ ವಾರ ಪೋಷಕರು ಕೇಳುವುದು ಅದನ್ನೇ. ಬರೆಸಿದ್ದು ಮುಗಿದ ಮೇಲೆ ಮಗು ವೇದಿಕೆಯಲ್ಲಿ ಮಿಕಮಿಕ ನೋಡುತ್ತದೆ. ನೀವು ಎಂಟು ಸ್ವರ ಹಾಡಿ, ಅದು ಬೇರೆ ಎಂಟು ಹಾಡಲಿ, ಅಷ್ಟೇ.

4. ಎಂಟು ಸಲೀಸಾದರೆ ಪೂರ್ತಿ ಆವರ್ತ ಕೊಡಿ, ಆಮೇಲೆ ಎರಡು.

5. ಈಗ ಲೆಕ್ಕ. ಶಾಸ್ತ್ರ ಇಲ್ಲಿ ಬರಲಿ, ಮೊದಲ ದಿನವೇ ಅಲ್ಲ. ಸಮದಿಂದ ಅರ್ಧ ಅಕ್ಷರ ಬಿಟ್ಟು ಶುರುವಾಗುವ ಕೃತಿಯಾದರೆ ದ್ರುತಗಳಿಂದ ಹಿಡಿದರೆ ಎಂಟು ಸಾಲದು, ಒಂಬತ್ತು ಸ್ವರ ಬೇಕು. ಮುಕ್ತಾಯಕ್ಕೆ ‘ಪದಪಗರಿ’ ಮೂರು ಸಲ ಹಾಡಿ ಸಮಕ್ಕೆ ಬರಬೇಕು, ಎಲ್ಲಿಂದ ಹಿಡಿಯುತ್ತೀ ಎಂದು ಕೇಳಿ. ಐದು ಮೂರಲೆ ಹದಿನೈದು, ಆವರ್ತಕ್ಕೆ ಹದಿನಾರು. ಸಮದಲ್ಲಿ ಒಂದು ಸ್ವರದಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ನೀವು ಹೇಳಬೇಡಿ. ಬೆರಳು ಮಡಿಚಿ ಅದೇ ಕಂಡುಕೊಳ್ಳಲಿ, ಅರ್ಧ ಗಂಟೆಯಾದರೂ ಆಗಲಿ.