ಕಾಂಡ್ಲಾ ನೆಡಬೇಕಾ? ಮೊದಲು ಘಾಟಿ ಇಳಿಯಿರಿ

ತೋಟದ ಕೆರೆ ಬದಿಗೆ ಕಾಂಡ್ಲಾ, ಅಂದರೆ ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ, ಹಾಕಬಹುದಾ ಅಂತ ವಿರಾಜಪೇಟೆ ಕಡೆ ಯಾರಾದರೂ ಕೇಳಿದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಸಿಹಿನೀರಲ್ಲೂ ಅದು ಬದುಕಬಹುದು, ಆದರೆ ಬೇರೆ ಗಿಡಗಳು ಅದನ್ನು ಮೀರಿ ಬೆಳೆದುಬಿಡುತ್ತವೆ. ಉಪ್ಪು ತಡೆದುಕೊಳ್ಳುವುದೇ ಅದರ ತಾಕತ್ತು ಅಲ್ವಾ? ಮಾಕುಟ್ಟ ಘಾಟಿ ಇಳಿದು ಕೇರಳದ ಕಣ್ಣೂರಿಗೆ ಹೋಗಿ. ನಮ್ಮ ಬರಪೊಳೆ ನೀರು ಸೇರುವ ವಳಪಟ್ಟಣಂ ಹೊಳೆಯ ಅಳಿವೆಯಲ್ಲಿ ಕಾಂಡ್ಲಾ ಕಾಡಿದೆ. 2015ರಲ್ಲಿ ತೀರಿಕೊಂಡ ಕಲ್ಲೇನ್ ಪೊಕ್ಕುಡನ್ ಗಿಡ ನೆಟ್ಟು ಹೆಸರಾದದ್ದು ಅದೇ ಜಿಲ್ಲೆಯಲ್ಲಿ.

ಜಾಗದವರನ್ನೂ ಅರಣ್ಯ ಇಲಾಖೆಯನ್ನೂ ಕೇಳದೆ ಏನೂ ಮಾಡಬೇಡಿ.

ಆಮೇಲೆ ಜಾಗ ನೋಡಿ. ಉಬ್ಬರದಲ್ಲಿ ನೀರು ಬರಬೇಕು, ಇಳಿತದಲ್ಲಿ ಕೆಸರು ಕಾಣಬೇಕು. ಸದಾ ನೀರು ನಿಂತಿರುವ ಕಡೆ ಬೇಡ, ಅಲೆ ಬಂದು ಹೊಡೆಯುವ ಮರಳು ದಂಡೆಯಂತೂ ಬೇಡವೇ ಬೇಡ. ಹಿಂದೆ ಕಾಂಡ್ಲಾ ಇದ್ದು ಈಗ ಇಲ್ಲದಿದ್ದರೆ ಯಾಕೆ ಹೋಯಿತು ಅಂತ ಹುಡುಕಿ. ಎಷ್ಟೋ ಸಲ ಯಾರೋ ಕಟ್ಟಿದ ಮಣ್ಣಿನ ಏರಿ ಉಬ್ಬರದ ನೀರನ್ನು ತಡೆದಿರುತ್ತದೆ, ಅದಕ್ಕೆ ದಾರಿ ಬಿಟ್ಟರೆ ಹತ್ತಿರದ ಮರಗಳ ಬೀಜ ತೇಲಿ ಬಂದು ತಾನೇ ಬೇರು ಬಿಡುತ್ತದೆ, ನಿಮ್ಮ ಕೈಯೇ ಬೇಡ.

ನೆಡುವುದಾದರೆ ಕಾಂಡ್ಲಾದಲ್ಲಿ ರೈಜೋಫೋರಾ ಅನ್ನುವ ಜಾತಿ ಸುಲಭ. ಅದರ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿ ಹಾಗೆ ನೇತಾಡುತ್ತದೆ. ಮಳೆಗಾಲದಲ್ಲಿ ನೋಡಿ. ಕಾಯಿಯ ತೊಟ್ಟಿನ ಹತ್ತಿರ ಹಳದಿ ಉಂಗುರ ಕಂಡು, ಮುಟ್ಟಿದರೆ ಸಾಕು ಕಳಚುವಂತಿದ್ದರೆ ಬಲಿತಿದೆ. ಎಳೆದು ಕಿತ್ತಿದ್ದು ದಂಡ. ಹುಳು ಕೊರೆದದ್ದನ್ನು ಬಿಡಿ. ಚೂಪು ತುದಿ ಕೆಳಗೆ ಮಾಡಿ, ಉದ್ದದ ಮೂರನೇ ಒಂದು ಭಾಗ ಕೆಸರಿಗೆ ಇಳಿಸಿ, ಸುಮಾರು 1 ಮೀಟರ್ ಅಂತರ ಕೊಡಿ. ಗದ್ದೆ ನಾಟಿ ಮಾಡಿದ ಕೈಗೆ ಇದೇನೂ ಕಷ್ಟವಲ್ಲ, ಆದರೂ ನಾನು ಮೊದಲ ದಿನ ನಾಲ್ಕೈದನ್ನು ತಲೆಕೆಳಗಾಗಿ ಚುಚ್ಚಿದ್ದೆ! ಅವಿಸೆನ್ನಿಯಾ ಅನ್ನುವ ಇನ್ನೊಂದು ಜಾತಿಯ ಬೀಜ ಸಣ್ಣದು. ಅದನ್ನು ಅಳಿವೆಯ ಕೆಸರು ತುಂಬಿದ ಪ್ಯಾಕೆಟ್‌ನಲ್ಲಿ ಬೆಳೆಸಿ ನೆಡುವುದು ಒಳ್ಳೆಯದು.

ಕಾಫಿ ಗಿಡದ ಅಭ್ಯಾಸ ಇಲ್ಲಿ ಬಿಡಬೇಕು. ಗೊಬ್ಬರ ಬೇಡ, ನೀರು ಹಾಯಿಸುವುದೂ ಬೇಡ. ಕಾಟ ಬೇರೆಯೇ ಇದೆ. ಉಬ್ಬರದಲ್ಲಿ ಬಂದ ಪ್ಲಾಸ್ಟಿಕ್ ಮತ್ತು ಹರಿದ ಬಲೆ ಸಸಿಗೆ ಸುತ್ತಿಕೊಂಡು ಮಲಗಿಸಿಬಿಡುತ್ತವೆ. ಎಳೆ ಕಾಂಡಕ್ಕೆ ಸಣ್ಣ ಚಿಪ್ಪುಜೀವಿಗಳು ದಟ್ಟವಾಗಿ ಅಂಟಿಕೊಂಡರೆ ತೊಗಟೆ ಗಾಯವಾಗದಂತೆ ಬಿಡಿಸಿ. ಆಡು, ದನ ಬರುವ ಕಡೆ ಬೇಲಿ ಹಾಕಿ. ಏಡಿ ಕಡಿದು ಹೋದದ್ದಕ್ಕೆ ಮುಂದಿನ ಮಳೆಗಾಲದಲ್ಲಿ ಬೇರೆ ನೆಡಿ.

ಹೊರಡುವ ಮುಂಚೆ ಆ ದಿನದ ಇಳಿತದ ಹೊತ್ತು ನೋಡಿಕೊಳ್ಳಿ, ಚಪ್ಪಲಿ ಕಾರಲ್ಲೇ ಬಿಡಿ. ಆ ಕೆಸರು ನುಂಗಿದ್ದನ್ನು ವಾಪಸ್ ಕೊಡುವುದಿಲ್ಲ.