ತೂಕ ಜಾಸ್ತಿ ಇರುವ ಬಸುರಿ ಮಾಸಿನ ಕಾಳಜಿ ಮಾಡುವುದು ಹೇಗೆ?

ಬಸುರಿಯ ತೂಕ ಜಾಸ್ತಿ ಇದ್ದರೆ ಅವಳ ಆರೋಗ್ಯದ ಮಾತು ಬರುತ್ತದೆ, ಮಗುವಿನ ಮಾತು ಬರುತ್ತದೆ. ಇಬ್ಬರ ನಡುವೆ ದುಡಿಯುವ ಮಾಸಿನ (ಪ್ಲಸೆಂಟಾ) ಮಾತು ಅಷ್ಟಾಗಿ ಬರುವುದಿಲ್ಲ. ಮಗುವಿಗೆ ಆಮ್ಲಜನಕ, ಆಹಾರ ಎರಡೂ ಇದರ ಮೂಲಕವೇ ಹೋಗಬೇಕು. ದಿನ ತುಂಬುವ ಹೊತ್ತಿಗೆ ಮಾಸು ಸುಮಾರು ಅರ್ಧ ಕಿಲೋ ತೂಗುತ್ತದೆ. ಇದನ್ನು ನೇರವಾಗಿ ಸರಿಮಾಡುವ ಮಾತ್ರೆ ಇಲ್ಲ. ಆದರೆ ಅದರ ಮೇಲಿನ ಒತ್ತಡ ಕಡಿಮೆ ಮಾಡಬಹುದು, ತೊಂದರೆಯನ್ನು ಬೇಗ ಪತ್ತೆ ಮಾಡಬಹುದು.

ಮೊದಲು ಬಿಎಂಐ ಲೆಕ್ಕ ಹಾಕಿಕೊಳ್ಳಿ

ಬಿಎಂಐ ಎಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ. ಗರ್ಭ ನಿಲ್ಲುವ ಮೊದಲಿನ ತೂಕ ತೆಗೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ. ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. 80 ಕಿಲೋ ತೂಕ, 1.60 ಮೀಟರ್ ಎತ್ತರ ಇದ್ದರೆ ಬಿಎಂಐ 31ರ ಆಸುಪಾಸು. 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೊಜ್ಜು ಎನ್ನುತ್ತಾರೆ. ಮೊದಲ ಭೇಟಿಯಲ್ಲೇ ಇದನ್ನು ಡಾಕ್ಟರ ಹತ್ತಿರ ಮಾತಾಡಿ. ಏಕೆಂದರೆ ಮಾಸಿನ ಮುಖ್ಯ ಕೆಲಸ ಶುರುವಾಗುವುದು ಗರ್ಭದ ಮೊದಲ ವಾರಗಳಲ್ಲೇ.

ಒಳಗೆ ಏನಾಗುತ್ತದೆ ಎಂದು ತಿಳಿದುಕೊಳ್ಳಿ

ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಗೆ ಇಳಿದು, ಅಲ್ಲಿನ ಸುರುಳಿ ರಕ್ತನಾಳಗಳನ್ನು ಅಗಲ ಮಾಡುತ್ತವೆ. ಸುಮಾರು 20 ವಾರದವರೆಗೂ ಈ ಕೆಲಸ ನಡೆಯುತ್ತದೆ. ಮೈಯ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಅದು ಜಾಸ್ತಿಯಾದಾಗ ಉರಿಯೂತ ತರುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನ್, ಇನ್ಸುಲಿನ್ ಇವುಗಳ ಮಟ್ಟ ಏರುತ್ತದೆ. ಮಾಸಿನಲ್ಲೂ ಉರಿಯೂತದ ಜೀವಕೋಶಗಳು ಸೇರಿಕೊಳ್ಳುತ್ತವೆ. ನಾಳಗಳು ಸರಿಯಾಗಿ ಅಗಲವಾಗದಿದ್ದರೆ ರಕ್ತ ಸಾಕಷ್ಟು ಬರುವುದಿಲ್ಲ. ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾಗೆ ಇದೂ ಒಂದು ದಾರಿ.

ಇನ್ನೊಂದು ಕಡೆ ಇದಕ್ಕೆ ತದ್ವಿರುದ್ಧ, ಮಗುವಿಗೆ ಸಕ್ಕರೆ ಅತಿಯಾಗಿ ಹೋಗಬಹುದು. ತಾಯಿಯ ರಕ್ತದ ಸಕ್ಕರೆ ಮಾಸನ್ನು ಸಲೀಸಾಗಿ ದಾಟುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಗೆ ತಕ್ಕಂತೆ ಮಗು ತನ್ನದೇ ಇನ್ಸುಲಿನ್ ತಯಾರಿಸುತ್ತದೆ, ಕೊಬ್ಬು ಸೇರಿಸಿಕೊಂಡು ದಪ್ಪಗಾಗುತ್ತದೆ. ಹುಟ್ಟಿದ ಕೂಡಲೇ ಸಕ್ಕರೆಯ ಪೂರೈಕೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಹಾಗಾಗಿ ಅಂಥ ಮಗುವಿನ ಸಕ್ಕರೆ ಇಳಿದುಬಿಡಬಹುದು. ಮಾಸೂ ದೊಡ್ಡದಾಗಬಹುದು. ದೊಡ್ಡದಾದ ಮಾತ್ರಕ್ಕೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದಲ್ಲ. ತೂಕ ಜಾಸ್ತಿ ಇರುವ ಎಲ್ಲರಿಗೂ ಹೀಗೆಲ್ಲ ಆಗುತ್ತದೆ ಎಂದೂ ಅಲ್ಲ, ಅಪಾಯ ಹೆಚ್ಚು ಅಷ್ಟೆ.

ಸಕ್ಕರೆ, ಬಿಪಿ ಪರೀಕ್ಷೆ ತಪ್ಪಿಸಬೇಡಿ

ಸಕ್ಕರೆ ಪರೀಕ್ಷೆ ಸಾಮಾನ್ಯವಾಗಿ 24ರಿಂದ 28 ವಾರದೊಳಗೆ. ನಿಮಗೆ ಮೊದಲೇ ಬೇಕಾ ಎಂದು ಕೇಳಿ.

ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯ ಮೇಲೆ ಗಮನ ಇರಲಿ. ತೋಳು ದಪ್ಪಗಿದ್ದು ಪಟ್ಟಿ ಚಿಕ್ಕದಾದರೆ, ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ಹಾಕಿ ಎಂದು ಸಂಕೋಚವಿಲ್ಲದೆ ಕೇಳಿ. 140/90 ಮುಟ್ಟಿದರೆ ಡಾಕ್ಟರು ನೋಡಲೇಬೇಕು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಬಂದರಂತೂ ತಡಮಾಡಬೇಡಿ. ಅಪಾಯ ಹೆಚ್ಚಿರುವ ಕೆಲವರಿಗೆ 16 ವಾರದ ಮೊದಲೇ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಅದು ಡಾಕ್ಟರ ತೀರ್ಮಾನ, ನೀವಾಗಿಯೇ ನುಂಗಬೇಡಿ.

ತೂಕ ಇಳಿಸಲು ಹೋಗಬೇಡಿ, ಏರಿಕೆಗೆ ಮಿತಿ ಇರಲಿ

ಪಥ್ಯ ಮಾಡಿ ತೂಕ ಇಳಿಸುವುದಾದರೆ ಅದಕ್ಕೆ ಸರಿಯಾದ ಕಾಲ ಗರ್ಭಕ್ಕೆ ಮೊದಲು. ಬಸುರಿಯಾದ ಮೇಲೆ ಉಪವಾಸ ಬೇಡ. ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಒಟ್ಟು 5ರಿಂದ 9 ಕಿಲೋ ಏರಿಕೆ ಸಾಕು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಹೇಳಿತು. ಡಾಕ್ಟರು ಬೇಡ ಎನ್ನದಿದ್ದರೆ ವಾರಕ್ಕೆ 150 ನಿಮಿಷ ನಡೆಯಿರಿ.

ಇಲ್ಲಿ ಮನೆಯವರಿಗೂ ಒಂದು ಮಾತು. ತೂಕದ ವಿಚಾರಕ್ಕೆ ಬಸುರಿಯನ್ನು ಚುಚ್ಚುವುದು ನನಗೆ ಒಂದಿಷ್ಟೂ ಸರಿ ಕಾಣುವುದಿಲ್ಲ. ನಾಚಿಕೆಯಾದರೆ ಅವಳು ತಪಾಸಣೆಗೇ ಹಿಂಜರಿಯುತ್ತಾಳೆ. ಜೊತೆಗೆ ನಡೆಯಲು ಹೋಗಿ, ಅದು ಉಪಕಾರ.

ಕೊನೆಯ ತಿಂಗಳುಗಳಲ್ಲಿ

ಹೊಟ್ಟೆಯ ಮೇಲೆ ಕೊಬ್ಬಿದ್ದರೆ ಟೇಪಿನ ಅಳತೆಯಿಂದ ಮಗುವಿನ ಬೆಳವಣಿಗೆ ಸರಿಯಾಗಿ ತಿಳಿಯುವುದಿಲ್ಲ, ಸ್ಕ್ಯಾನ್ ಬೇಕಾಗಬಹುದು. ಮಗುವಿನ ಅಲುಗಾಟ ಎಂದಿನಂತೆ ಇದೆಯಾ ಎಂದು ದಿನವೂ ಗಮನಿಸಿ. ಕಡಿಮೆ ಅನ್ನಿಸಿದರೆ ಮುಂದಿನ ತಪಾಸಣೆಯವರೆಗೆ ಕಾಯಬೇಡಿ. ರಾತ್ರಿಯಾಗಿದ್ದರೂ ಸರಿ, ಆಗಲೇ ಆಸ್ಪತ್ರೆಗೆ ಹೋಗಿ.