ಇಲ್ಲಿಂದ ಹೋಗುವುದು ಇಮೇಲ್, ಅಲ್ಲಿ ಬೀಳುವುದು ಫ್ಯಾಕ್ಸ್

‘ಇವತ್ತು ಆಫೀಸಲ್ಲಿ ಫ್ಯಾಕ್ಸ್ ಕೈಕೊಟ್ಟಿತು ಕಣೋ’ ಅಂದರೆ ದಾವಣಗೆರೆಯಲ್ಲಿರುವ ನನ್ನ ತಮ್ಮನಿಗೆ ನಗು. ಅವನ ಪಾಲಿಗೆ ಫ್ಯಾಕ್ಸ್ ಎಂದರೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು, ಸುರುಳಿ ಸುತ್ತಿಕೊಂಡು ಬರುವ ನುಣುಪು ಕಾಗದ, ವರ್ಷ ಕಳೆಯುವಷ್ಟರಲ್ಲಿ ಮಾಸಿ ಹೋಗುವ ಅಕ್ಷರ. ನಾನು ನ್ಯೂಜೆರ್ಸಿಯಲ್ಲಿ ಮೂವರು ವೈದ್ಯರಿರುವ ಕ್ಲಿನಿಕ್ಕಿನ ಆಫೀಸ್ ನೋಡಿಕೊಳ್ಳುವವಳು. ಇಲ್ಲಿ ಒಂದು ಆಸ್ಪತ್ರೆಯ ಕಂಪ್ಯೂಟರಿಗೂ ಪಕ್ಕದ ಆಸ್ಪತ್ರೆಯ ಕಂಪ್ಯೂಟರಿಗೂ ಎಷ್ಟೋ ಸಲ ಮಾತುಕತೆಯೇ ಇರುವುದಿಲ್ಲ. ಹಾಗಾಗಿ ಇನ್ಶೂರೆನ್ಸಿನ ಪ್ರಯರ್ ಆಥರೈಸೇಶನ್ (ಚಿಕಿತ್ಸೆಗೆ ಮೊದಲೇ ಪಡೆಯುವ ಒಪ್ಪಿಗೆ), ಫಾರ್ಮಸಿಯ ರೀಫಿಲ್ ಕೋರಿಕೆ, ಹಳೆಯ ಡಾಕ್ಟರ ಬಳಿ ಇರುವ ರಿಪೋರ್ಟು, ಎಲ್ಲಕ್ಕೂ ಇನ್ನೂ ಫ್ಯಾಕ್ಸೇ ಗತಿ.

ನಮ್ಮ ಮೆಷಿನ್ ಕೆಟ್ಟಿರಲಿಲ್ಲ, ಲೈನ್ ಕೆಟ್ಟಿತ್ತು. ಹಳೇ ತಾಮ್ರದ ತಂತಿಯ ಬಾಡಿಗೆ ಏರುತ್ತಲೇ ಹೋಯಿತೆಂದು ಮೆಷಿನ್ನನ್ನು ಇಂಟರ್ನೆಟ್ ಫೋನಿಗೆ ಸಿಕ್ಕಿಸಿದೆವು. ಇಂಟರ್ನೆಟ್ಟಿನಲ್ಲಿ ದನಿ ಪ್ಯಾಕೆಟ್ ಎಂಬ ಚೂರುಗಳಾಗಿ ಹೋಗುತ್ತದೆ, ಮಾತಿನ ನಡುವೆ ಒಂದೆರಡು ಪ್ಯಾಕೆಟ್ ಕಳೆದುಹೋದರೆ ನಮ್ಮ ಕಿವಿ ಹೇಗೋ ತುಂಬಿಕೊಳ್ಳುತ್ತದೆ. ಫ್ಯಾಕ್ಸಿನ ಕೀರಲು ದನಿಗೆ ಆ ದೊಡ್ಡ ಮನಸ್ಸಿಲ್ಲ. ಹನ್ನೆರಡು ಪುಟದ ಚಾರ್ಟು ಏಳನೇ ಪುಟಕ್ಕೆ ಕಡಿದುಬೀಳುತ್ತಿತ್ತು, ಮತ್ತೆ ಮೊದಲಿಂದ. ಆಗ ಇಮೇಲ್‌ನಿಂದ ಫ್ಯಾಕ್ಸ್ ಕಳಿಸುವ ಸೇವೆಗೆ ಹೋದೆವು: ನಾವು ಇಮೇಲ್ ಮಾಡಿದರೆ ಒಂದು ಕಂಪನಿ ಅದನ್ನು ಫ್ಯಾಕ್ಸ್ ಆಗಿಸಿ ಆ ಕಡೆ ಮುಟ್ಟಿಸುತ್ತದೆ. ನೀವೂ ಹೋಗುವವರಿದ್ದರೆ ನಾನು ಪೆಟ್ಟು ತಿಂದು ಕಲಿತದ್ದು ಇಷ್ಟು.

ಮೊದಲು ಕಾಗದಪತ್ರ. ಅಮೆರಿಕದ ಆರೋಗ್ಯ ಕ್ಷೇತ್ರದಲ್ಲಿದ್ದರೆ ರೋಗಿಯ ಮಾಹಿತಿಯ ಗುಟ್ಟು ಕಾಯುವ 1996ರ ಹಿಪಾ ಕಾನೂನು ನಿಮ್ಮ ತಲೆಯ ಮೇಲಿರುತ್ತದೆ. ರೋಗಿಯ ಮಾಹಿತಿ ಆ ಕಂಪನಿಯ ಸರ್ವರಿನಲ್ಲಿ ಕೂರುವುದರಿಂದ ಅದನ್ನು ಕಾಪಾಡುತ್ತೇವೆ ಎಂಬ ಬಿಎಎ (ಬಿಸಿನೆಸ್ ಅಸೋಸಿಯೇಟ್ ಅಗ್ರಿಮೆಂಟ್) ಒಪ್ಪಂದಕ್ಕೆ ಅವರು ಸಹಿ ಹಾಕಬೇಕು. ಅಗ್ಗದ ಪ್ಲಾನಿಗೆ ಅದನ್ನು ಕೊಡದ ಕಂಪನಿಗಳೂ ಇವೆ, ದುಡ್ಡು ಕಟ್ಟುವ ಮೊದಲೇ ಕೇಳಿ. ಇನ್ನೊಂದು ತುದಿಯನ್ನು ಎಲ್ಲರೂ ಮರೆಯುತ್ತಾರೆ: ನಿಮ್ಮ ಇಮೇಲ್. ಉಚಿತ ಜಿಮೇಲಿಗೆ ಗೂಗಲ್ ಈ ಒಪ್ಪಂದ ಕೊಡುವುದಿಲ್ಲ, ಹಣ ಕೊಟ್ಟು ಬಳಸುವ ವರ್ಕ್‌ಸ್ಪೇಸಿಗೆ ಕೊಡುತ್ತದೆ.

ಆಮೇಲೆ ನಂಬರು. ಹತ್ತು ವರ್ಷದಿಂದ ಊರಿನ ಫಾರ್ಮಸಿಗಳ ಗೋಡೆಯ ಮೇಲೆ ಅಂಟಿಕೊಂಡಿರುವ ಫ್ಯಾಕ್ಸ್ ನಂಬರೇ ನಿಮ್ಮ ಆಸ್ತಿ. ಅದನ್ನು ಹೊಸ ಕಂಪನಿಗೆ ಪೋರ್ಟ್ ಮಾಡಿಸಬಹುದು. ಪೋರ್ಟ್ ಮುಗಿಯುವವರೆಗೆ ಹಳೇ ಲೈನನ್ನು ಮಾತ್ರ ರದ್ದು ಮಾಡಬೇಡಿ. ರದ್ದಾದರೆ ನಂಬರು ಕೈಬಿಟ್ಟಂತೆಯೇ. ಇತ್ತೀಚಿನ ಬಿಲ್ಲು, ಒಪ್ಪಿಗೆ ಪತ್ರ ಎರಡನ್ನೂ ಕೇಳುತ್ತಾರೆ, ಎರಡರಲ್ಲೂ ಹೆಸರು, ವಿಳಾಸ ಅಕ್ಷರಶಃ ಒಂದೇ ಇರಬೇಕು. ನಮ್ಮ ಬಿಲ್ಲು ದೊಡ್ಡ ಡಾಕ್ಟರ ಹೆಸರಿನಲ್ಲಿತ್ತು, ನಾನು ಕ್ಲಿನಿಕ್ಕಿನ ಹೆಸರು ಬರೆದಿದ್ದೆ. ಅಷ್ಟಕ್ಕೇ ಅರ್ಜಿ ವಾಪಸ್ ಬಂತು, ಒಂದು ವಾರ ಹೋಯಿತು.

ಕಳಿಸುವುದು ಸುಲಭ. ‘ಟು’ ಜಾಗದಲ್ಲಿ ದೇಶದ ಕೋಡ್ 1, ಏರಿಯಾ ಕೋಡ್ ಸೇರಿದ ಹತ್ತಂಕಿ, ಆಮೇಲೆ ಅಟ್ ಚಿಹ್ನೆ, ಕಂಪನಿಯ ಡೊಮೇನ್. ನಡುವೆ ಗೆರೆ, ಖಾಲಿ ಜಾಗ ಬೇಡ. ಪಿಡಿಎಫ್ ಲಗತ್ತಿಸಿ ಕಳಿಸಿದರೆ ಆಯಿತು. ಯಾರ್ಯಾರ ಇಮೇಲ್‌ನಿಂದ ಕಳಿಸಬಹುದು ಎಂಬ ಪಟ್ಟಿಯನ್ನು ಮೊದಲೇ ಹಾಕಿಡಿ, ಇಲ್ಲದಿದ್ದರೆ ಸರ್ವರ್ ವಾಪಸ್ ಎಸೆಯುತ್ತದೆ.

ಎಡವಟ್ಟು ಶುರುವಾಗುವುದು ಇಲ್ಲಿಂದಲೇ. ನಿಮ್ಮ ಕಣ್ಣಿಗೆ ಅದು ಇಮೇಲ್. ಆ ಕಡೆ ಮಾತ್ರ ಅದೇ ಹಳೇ ಫ್ಯಾಕ್ಸು: ಒಂದು ಅಡ್ಡಸಾಲಿಗೆ 1728 ಚುಕ್ಕಿ, ಪ್ರತಿ ಚುಕ್ಕಿಯೂ ಒಂದೋ ಕಪ್ಪು, ಇಲ್ಲಾ ಬಿಳಿ. ಬೂದು ಬಣ್ಣ ಎಂಬುದೇ ಇಲ್ಲ. ಮೊದಲ ವಾರ ನಮ್ಮ ರಿಸೆಪ್ಶನಿಸ್ಟ್ ಒಬ್ಬರ ನೀಲಿ ಇನ್ಶೂರೆನ್ಸ್ ಕಾರ್ಡನ್ನು ಫೋನಿನಲ್ಲಿ ಫೋಟೋ ಹೊಡೆದು ಹಾಗೇ ಕಳಿಸಿದಳು. ಆ ಕಡೆಯಿಂದ ಫೋನ್: ‘ನಮಗೊಂದು ಕರೀ ಹಲಗೆ ಬಂದಿದೆ, ಏನು ಮಾಡಲಿ?’ ಈಗ ಕಾರ್ಡನ್ನು ಸ್ಕ್ಯಾನರಿನಲ್ಲಿಟ್ಟು ಕಪ್ಪು-ಬಿಳುಪು, 200 ಡಿಪಿಐ, ಬ್ರೈಟ್‌ನೆಸ್ ಸ್ವಲ್ಪ ಏರಿಸಿ ಪಿಡಿಎಫ್ ಮಾಡುತ್ತೇವೆ. ಕಳಿಸುವ ಮೊದಲು ಪರದೆಯ ಮೇಲೆ ಓದಲು ಬಾರದ್ದು ಅಲ್ಲಿಯೂ ಓದಲು ಬಾರದು. ಸೇವೆಯ ಸೆಟ್ಟಿಂಗಿನಲ್ಲಿ ‘ಫೈನ್’ ಆರಿಸಿಡಿ. ಸ್ಟ್ಯಾಂಡರ್ಡ್‌ನಲ್ಲಿ ಇಂಚಿಗೆ 98 ಸಾಲು, ಫೈನಿನಲ್ಲಿ 196. ಔಷಧಿಯ ಡೋಸಿನಲ್ಲಿ ಒಂದು ದಶಾಂಶದ ಚುಕ್ಕಿ ಉಳಿಯುತ್ತದೋ ಅಳಿಯುತ್ತದೋ ಎಂಬುದು ಅಷ್ಟರ ಮೇಲೆ ನಿಂತಿರುತ್ತದೆ. ಫೋಟೋ, ಲೋಗೋ, ಬಣ್ಣದ ಹಿನ್ನೆಲೆ ಇದ್ದ ಪುಟ ಹೋಗಲು ಬಹಳ ಹೊತ್ತು ಹಿಡಿಯುತ್ತದೆ. ಕೆಲವು ಕಂಪನಿಗಳು 60 ಸೆಕೆಂಡಿಗೆ ಒಂದು ಪುಟ ಎಂದು ಲೆಕ್ಕ ಹಿಡಿಯುವುದರಿಂದ ಒಂದೇ ಫೋಟೋ ಮೂರು ಪುಟದ ಬಿಲ್ಲಾದೀತು.

ಇನ್ನು ಇಮೇಲ್ ಸಿಗ್ನೇಚರ್. ಎಷ್ಟೋ ಸೇವೆಗಳಲ್ಲಿ ನೀವು ಬರೆದ ಇಮೇಲಿನ ಒಕ್ಕಣೆಯೇ ಕವರ್ ಪೇಜ್ ಆಗುತ್ತದೆ. ನಮ್ಮ ಸಿಗ್ನೇಚರಿನಲ್ಲಿ ಲೋಗೋ, ಫೇಸ್‌ಬುಕ್ ಗುರುತು, ‘ದಯವಿಟ್ಟು ಈ ಇಮೇಲನ್ನು ಮುದ್ರಿಸಬೇಡಿ, ಮರ ಉಳಿಸಿ’ ಎಂಬ ಸಾಲು ಇದ್ದವು. ತಿಂಗಳುಗಟ್ಟಲೆ ಊರಿನ ಫಾರ್ಮಸಿಗಳೆಲ್ಲ ಆ ಸಾಲನ್ನು ಕಾಗದದ ಮೇಲೆ ಮುದ್ರಿಸಿಕೊಂಡವು. ಫ್ಯಾಕ್ಸಿಗೆಂದೇ ಸಿಗ್ನೇಚರ್ ಇಲ್ಲದ ಬೇರೆ ಇಮೇಲ್ ವಿಳಾಸ ಮಾಡಿಕೊಳ್ಳಿ. ಸಬ್ಜೆಕ್ಟ್ ಸಾಲೂ ಕವರ್ ಪೇಜಿಗೆ ಹೋಗಬಹುದು, ಆದ್ದರಿಂದ ಅಲ್ಲಿ ರೋಗಿಯ ಹೆಸರು ಬೇಡವೇ ಬೇಡ. ಯಾರ ಗಮನಕ್ಕೆ, ಎಷ್ಟು ಪುಟ, ನಮ್ಮ ಫೋನ್ ನಂಬರು. ಅಷ್ಟು ಸಾಕು.

ನಂಬರನ್ನು ಕೈಯಿಂದ ಒತ್ತುವ ಅಭ್ಯಾಸ ಬಿಡಿ. ನಾನೇ ಒಮ್ಮೆ 6ರ ಬದಲು 9 ಒತ್ತಿ, ಒಬ್ಬರ ರಕ್ತಪರೀಕ್ಷೆಯ ರಿಪೋರ್ಟನ್ನು ಕಾರು ರಿಪೇರಿ ಅಂಗಡಿಗೆ ಕಳಿಸಿದೆ. ಆ ಪುಣ್ಯಾತ್ಮ ಫೋನ್ ಮಾಡಿ, ಹರಿದು ಹಾಕಿದ್ದೇನೆ ಎಂದ. ಆದರೂ ನಡೆದದ್ದನ್ನು ದಾಖಲಿಸಿ, ಅಪಾಯ ಎಷ್ಟೆಂದು ಲೆಕ್ಕ ಹಾಕಿ, ರೋಗಿಗೆ ಪತ್ರ ಬರೆದೆ. ಹಿಪಾ ಪ್ರಕಾರ ಸೋರಿಕೆ ಎಂದು ತೀರ್ಮಾನವಾದರೆ, ಗೊತ್ತಾದ 60 ದಿನದೊಳಗೆ ತಿಳಿಸಲೇಬೇಕು. ಅಂದಿನಿಂದ ಕಾಂಟ್ಯಾಕ್ಟ್ಸ್‌ನಲ್ಲಿ ಹೆಸರು ಸಮೇತ ಉಳಿಸಿದ ನಂಬರಿಗೆ ಮಾತ್ರ ಫ್ಯಾಕ್ಸ್. ಹೊಸ ನಂಬರಾದರೆ ಮೊದಲು ಬರೀ ಕವರ್ ಪೇಜ್ ಕಳಿಸಿ, ಫೋನ್ ಮಾಡಿ ಕೇಳುತ್ತೇವೆ.

ಬರುವ ಫ್ಯಾಕ್ಸು ಪಿಡಿಎಫ್ ಆಗಿ ಇಮೇಲಿಗೆ ಬೀಳುತ್ತದೆ. ಅದು ಒಬ್ಬರ ಸ್ವಂತ ವಿಳಾಸಕ್ಕೆ ಹೋಗುವಂತೆ ಮಾಡಿದ್ದು ನಮ್ಮ ತಪ್ಪು. ಅವಳು ನಾಲ್ಕು ದಿನ ರಜೆ ಹಾಕಿದಳು, ಹನ್ನೊಂದು ರೀಫಿಲ್ ಕೋರಿಕೆಗಳು ಅಲ್ಲೇ ಕೊಳೆತವು. ಮೆಷಿನ್ ಇದ್ದಾಗ ಟ್ರೇಯಲ್ಲಿ ಕಾಗದ ಬಿದ್ದದ್ದು ಹೋಗಿ ಬರುವವರ ಕಣ್ಣಿಗೆ ಬೀಳುತ್ತಿತ್ತು, ಇನ್‌ಬಾಕ್ಸ್ ಹಾಗಲ್ಲ. ಎಲ್ಲರೂ ನೋಡುವ ಒಂದು ಹಂಚಿಕೆಯ ಇನ್‌ಬಾಕ್ಸ್ ಇರಲಿ, ಬೆಳಿಗ್ಗೆ ಮತ್ತು ಮಧ್ಯಾಹ್ನ ಯಾರು ನೋಡಬೇಕೆಂಬ ಹೆಸರು ಗೋಡೆಯ ಮೇಲಿರಲಿ, ಸ್ಪ್ಯಾಮ್ ಫೋಲ್ಡರೂ ಅವರದೇ ಹೊಣೆ.

ಕಳಿಸಿದ್ದಕ್ಕೆ ‘ಸಕ್ಸಸ್’ ಎಂಬ ಮೇಲ್ ಬರುತ್ತದೆ. ದಿನಾಂಕ, ಗಂಟೆ, ಪುಟದ ಲೆಕ್ಕ ಇರುವ ಆ ಮೇಲನ್ನು ಅಳಿಸದೆ ರೋಗಿಯ ಫೈಲಿಗೆ ಸೇರಿಸಿ. ಇನ್ಶೂರೆನ್ಸಿನವರು ‘ನಮಗೆ ಬಂದೇ ಇಲ್ಲ’ ಎಂದಾಗ ಅದೇ ನಿಮ್ಮ ಸಾಕ್ಷಿ. ಆದರೆ ಆ ಕಡೆಯ ಮೆಷಿನ್ ತೆಗೆದುಕೊಂಡಿದೆ ಎಂದಷ್ಟೇ ಅದರರ್ಥ, ಮನುಷ್ಯರು ಓದಿದ್ದಾರೆ ಎಂದಲ್ಲ. ತುರ್ತಿನದಾದರೆ ಫೋನ್ ಮಾಡಿ.

ಕೊನೆಗೆ ಹಳೇ ಮೆಷಿನ್. ಗುಜರಿಗೆ ಹಾಕುವ ಮೊದಲು ಮೆಮೊರಿ ಅಳಿಸಿ, ಫ್ಯಾಕ್ಟರಿ ರಿಸೆಟ್ ಮಾಡಿ. ನಮ್ಮದು ಕಪ್ಪು ಫಿಲ್ಮಿನ ರೋಲಿನಿಂದ ಮುದ್ರಿಸುವ ಜಾತಿಯದು. ಆ ರೋಲನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಕಾಗದಕ್ಕೆ ಹೋದ ಒಂದೊಂದು ಅಕ್ಷರದ ಜಾಗವೂ ಫಿಲ್ಮಿನಲ್ಲಿ ಬರಿದಾಗಿ, ಹೆಸರು, ಹುಟ್ಟಿದ ತಾರೀಕು, ಕಾಯಿಲೆ ಸಾಲುಸಾಲಾಗಿ ಹೊಳೆಯುತ್ತಿದ್ದವು. ಶ್ರೆಡ್ಡರಿಗೆ ಹಾಕಿದರೆ ಫಿಲ್ಮು ಹಲ್ಲಿಗೆ ಸುತ್ತಿಕೊಳ್ಳುತ್ತದೆ. ಕತ್ತರಿ ಹಿಡಿದು ಕೂತು ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.